ಎತ್ತರ ಹೇಳಿದರೆ ‘ರೋಜರ್’ ಎನ್ನುವುದು ಉತ್ತರವಲ್ಲ

ಪ್ರಶ್ನೆ: ನಾನು ವಿಮಾನ ಚಾಲನೆಯ ತರಬೇತಿ ಪಡೆಯುತ್ತಿದ್ದೇನೆ. ರೇಡಿಯೊದಲ್ಲಿ ಆಡಬೇಕಾದ ಮಾತುಗಳನ್ನು ಪಠ್ಯದಲ್ಲಿರುವಂತೆಯೇ ಬಾಯಿಪಾಠ ಮಾಡಿಕೊಂಡಿದ್ದೇನೆ. ಆದರೆ ವರ್ಷಗಳ ಅನುಭವವಿರುವ ಪೈಲಟ್‌ಗಳೇ ಪದಗಳನ್ನು ನುಂಗುತ್ತಾರೆ, ಅಂಕಿಗಳನ್ನು ಮೊಟಕು ಮಾಡುತ್ತಾರೆ, ತಮ್ಮದೇ ಮಾತುಗಳನ್ನು ಸೇರಿಸುತ್ತಾರೆ. ಅವರ ನಡುವೆ ನಿಯಮದಂತೆ ಮಾತನಾಡುವ ನಾನೇ ಅನನುಭವಿಯಂತೆ ಕೇಳಿಸುತ್ತೇನೆ. ಈ ರೂಢಿಗಳಲ್ಲಿ ಯಾವುದು ನಿರುಪದ್ರವಿ, ಯಾವುದು ಅಲ್ಲ? ತರಬೇತುದಾರರಾದ ನಿಮಗೆ ಹೆಚ್ಚು ಬೇಸರ ತರಿಸುವ ರೂಢಿ ಯಾವುದು?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ನೆಲದಿಂದ ವಿಮಾನ ಸಂಚಾರ ನಿರ್ದೇಶಿಸುವ ನಿಯಂತ್ರಕರು ಒಂದು ಎತ್ತರವನ್ನೋ ದಿಕ್ಕನ್ನೋ ಸೂಚಿಸಿದಾಗ ಪೈಲಟ್ ಬರಿಯ ‘ರೋಜರ್’ ಎಂದು ಮುಗಿಸಿಬಿಡುವುದನ್ನು ಕೇಳಿದರೆ ನನಗಾಗುವಷ್ಟು ಬೇಸರ ಬೇರಾವ ರೂಢಿಯಿಂದಲೂ ಆಗುವುದಿಲ್ಲ. ‘ರೋಜರ್’ ಎಂಬುದರ ಅರ್ಥ ‘ನೀವು ಹೇಳಿದ್ದು ಪೂರ್ತಿ ಕೇಳಿಸಿತು’ ಎಂದಷ್ಟೇ. ಅದು ಒಪ್ಪಿಗೆಯೂ ಅಲ್ಲ, ‘ಹೌದು’ ಎಂಬ ಉತ್ತರವೂ ಅಲ್ಲ, ಹಾಗೆಯೇ ಮಾಡುತ್ತೇನೆಂಬ ಮಾತೂ ಅಲ್ಲ. ಮಾಡುತ್ತೇನೆ ಎನ್ನಲು ‘ವಿಲ್ಕೊ’ ಎಂಬ ಬೇರೆಯ ಪದವೇ ಇದೆ. ಎತ್ತರ, ದಿಕ್ಕು, ವೇಗ, ಒತ್ತಡಮಾಪಕದ ಅಂಕಿ (ವಿಮಾನದ ಎತ್ತರ ಸರಿಯಾಗಿ ತೋರಲು ಮಾಪಕದಲ್ಲಿ ಇಡಬೇಕಾದ ಗಾಳಿಯ ಒತ್ತಡ), ಟ್ರಾನ್ಸ್‌ಪಾಂಡರ್ (ರಾಡಾರಿಗೆ ವಿಮಾನದ ಗುರುತು ತಿಳಿಸುವ ಉಪಕರಣ) ಸಂಖ್ಯೆ, ರನ್‌ವೇಯನ್ನು ಪ್ರವೇಶಿಸುವ, ದಾಟುವ ಅಥವಾ ಅದರ ಹೊರಗೇ ನಿಲ್ಲುವ ಆದೇಶ ಇವುಗಳಲ್ಲಿ ಯಾವುದು ಬಂದರೂ ಅದನ್ನು ಕರೆಸಂಕೇತದೊಡನೆ, ಅಂದರೆ ರೇಡಿಯೊದಲ್ಲಿ ವಿಮಾನವನ್ನು ಗುರುತಿಸುವ ಹೆಸರಿನೊಡನೆ, ಮರಳಿ ಹೇಳಲೇಬೇಕು. ಪೈಲಟ್ ಮರಳಿ ಹೇಳುವುದು ತನ್ನ ನೆನಪಿಗಾಗಿ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ಅದು ನಿಯಂತ್ರಕರಿಗಾಗಿ. ತಾವು ಹೇಳಿದ್ದು ಇನ್ನೊಬ್ಬರ ಕಿವಿಗೆ ಏನಾಗಿ ತಲುಪಿದೆ ಎಂಬುದನ್ನು ತಿಳಿಯಲು ಅವರಿಗಿರುವ ದಾರಿ ಅದೊಂದೇ.

1989ರ ಫೆಬ್ರುವರಿ 19ರಂದು ಕ್ವಾಲಾಲಂಪುರದಲ್ಲಿ ಇಳಿಯಲು ಬರುತ್ತಿದ್ದ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಬೋಯಿಂಗ್ 747 ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಅನುಮತಿ ದೊರೆಯಿತು. ನಿಯಂತ್ರಕರು ಅದನ್ನು ‘ಡಿಸೆಂಡ್ ಟೂ ಫೋರ್ ಜೀರೊ ಜೀರೊ’ ಎಂದು ಬಿಡಿ ಅಂಕಿಗಳಲ್ಲಿ ಹೇಳಿದರು. ಇಂಗ್ಲಿಷ್‌ನಲ್ಲಿ ‘ಎರಡು’ ಎನ್ನುವ ‘ಟೂ’ ಪದಕ್ಕೂ ‘ಇಷ್ಟು ಎತ್ತರಕ್ಕೆ’ ಎನ್ನುವಾಗಿನ ‘ಟು’ ಪದಕ್ಕೂ ಉಚ್ಚಾರ ಒಂದೇ ಆದ್ದರಿಂದ, ಚಾಲಕ ತಂಡ ಅದನ್ನು 400 ಅಡಿಗೆ ಇಳಿಯುವ ಅನುಮತಿಯೆಂದು ಗ್ರಹಿಸಿ ‘ಓಕೆ, ಫೋರ್ ಜೀರೊ ಜೀರೊ’ ಎಂದು ಮರಳಿ ಹೇಳಿತು. ತಪ್ಪು ಅಲ್ಲಿ ಬಾಯ್ಬಿಟ್ಟು ಕೇಳಿಸಿತ್ತು; ಯಾರೂ ತಿದ್ದಲಿಲ್ಲ. ವಿಮಾನ ಬೆಟ್ಟಕ್ಕೆ ಬಡಿದು, ಅದರಲ್ಲಿದ್ದ ನಾಲ್ವರೂ ಮೃತಪಟ್ಟರು. ‘ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಿದ್ದರೆ ಆ ಗೊಂದಲಕ್ಕೆ ಎಡೆಯೇ ಇರುತ್ತಿರಲಿಲ್ಲ. ನಿಮ್ಮ ಹಿರಿಯರು ‘ಥೌಸಂಡ್’, ‘ಫೀಟ್’ ಎಂಬ ಪದಗಳನ್ನು ನುಂಗಿದಾಗಲೆಲ್ಲ ನನಗೆ ಈ ವಿಮಾನ ನೆನಪಾಗುತ್ತದೆ.

ಅಂಕಿಗಳ ಮೊಟಕು ಒತ್ತಡಮಾಪಕದ ವಿಷಯದಲ್ಲಿ ಇನ್ನೂ ಕಪಟವಾದದ್ದು, ಏಕೆಂದರೆ ಅಲ್ಲಿ ತಪ್ಪು ಕಿವಿಗೆ ತಪ್ಪಾಗಿ ಕೇಳಿಸುವುದೇ ಇಲ್ಲ. ಅಮೆರಿಕದಲ್ಲಿ ಒತ್ತಡವನ್ನು ಪಾದರಸದ ಅಂಗುಲಗಳಲ್ಲಿ ಹೇಳುತ್ತಾರೆ, ಜಗತ್ತಿನ ಬಹುಭಾಗದಲ್ಲಿ ಹೆಕ್ಟೊಪ್ಯಾಸ್ಕಲ್‌ಗಳಲ್ಲಿ. 29.92 ಅಂಗುಲವನ್ನು ‘ನೈನ್ ನೈನ್ ಟೂ’ ಎಂದು ಮೊಟಕುಗೊಳಿಸಿ ರೂಢಿಯಾದ ಪೈಲಟ್ ಹೊರದೇಶದಲ್ಲಿ 992 ಹೆಕ್ಟೊಪ್ಯಾಸ್ಕಲ್ ಎಂಬ ಮಾಹಿತಿಯನ್ನು ‘ನೈನ್ ನೈನ್ ಟೂ’ ಎಂದು ಕೇಳಿ, ಮಾಪಕದಲ್ಲಿ 29.92 ಇಟ್ಟರೆ ಏನಾಗುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಿ. 29.92 ಅಂಗುಲವೆಂದರೆ 1013 ಹೆಕ್ಟೊಪ್ಯಾಸ್ಕಲ್; ವ್ಯತ್ಯಾಸ 21; ಒಂದಕ್ಕೆ ಸುಮಾರು 28 ಅಡಿಯಂತೆ ವಿಮಾನ ಮಾಪಕ ತೋರಿಸುವುದಕ್ಕಿಂತ ಸುಮಾರು 600 ಅಡಿ ಕೆಳಗಿರುತ್ತದೆ. ಮೋಡದೊಳಗೆ ಇಳಿಯುತ್ತಿರುವಾಗ ಮರುನುಡಿಯೂ ‘ನೈನ್ ನೈನ್ ಟೂ’ ಎಂದೇ ಬರುವುದರಿಂದ ನಿಯಂತ್ರಕರಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಅಳತೆಯ ಹೆಸರನ್ನೂ ಸೇರಿಸಿ ಹೇಳಲು ಒಂದು ಕ್ಷಣ ಸಾಕು.

ಇನ್ನು ‘ಟೇಕ್‌ಆಫ್’ ಎಂಬ ಪದ. 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ಲಾಸ್ ರೋಡಿಯೋಸ್ ನಿಲ್ದಾಣದಲ್ಲಿ, ಮಂಜಿನ ನಡುವೆ, ಕೆಎಲ್‌ಎಂ ಮತ್ತು ಪ್ಯಾನ್ ಆಮ್ ಸಂಸ್ಥೆಗಳ ಎರಡು ಬೋಯಿಂಗ್ 747 ವಿಮಾನಗಳು ಒಂದೇ ರನ್‌ವೇಯಲ್ಲಿ ಡಿಕ್ಕಿಯಾಗಿ 583 ಮಂದಿ ಮೃತಪಟ್ಟರು. ಕೆಎಲ್‌ಎಂಗೆ ಆಗ ಸಿಕ್ಕಿದ್ದು ಏರಿದ ನಂತರದ ಮಾರ್ಗದ ಅನುಮತಿ ಮಾತ್ರ. ಅದನ್ನು ಮರಳಿ ಹೇಳಿದ ಸಹಚಾಲಕರು ‘ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ’ ಎಂಬಂಥ, ಯಾವ ನಿಯಮದಲ್ಲೂ ಇಲ್ಲದ ಮಾತನ್ನು ಸೇರಿಸಿದರು. ವಿಮಾನ ಸಿದ್ಧವಾಗಿ ನಿಂತಿದೆ ಎಂದು ಅರ್ಥೈಸಿಕೊಂಡ ನಿಯಂತ್ರಕರು ‘ಓಕೆ’ ಎಂದು, ಸ್ವಲ್ಪ ತಡೆದು, ಕಾಯುವಂತೆ ಹೇಳಿದರು. ಆ ಎರಡನೆಯ ಭಾಗದ ಹೊತ್ತಿಗೆ ಸರಿಯಾಗಿ ಪ್ಯಾನ್ ಆಮ್‌ನವರೂ ತಾವಿನ್ನೂ ರನ್‌ವೇಯಲ್ಲಿದ್ದೇವೆ ಎಂದು ಹೇಳತೊಡಗಿದ್ದರಿಂದ, ಎರಡು ಪ್ರಸಾರಗಳು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್‌ನಲ್ಲಿ ಸ್ಪಷ್ಟವಾಗಿ ಉಳಿದದ್ದು ‘ಓಕೆ’ ಎಂಬ ಪದವೊಂದೇ. ಮಿಕ್ಕದ್ದರಲ್ಲಿ ಕೀರಲು ಸದ್ದು ಬೆರೆತಿತ್ತು. ಆನಂತರ ನಿಯಮ ಬದಲಾಯಿತು. ‘ಟೇಕ್‌ಆಫ್’ ಎಂಬ ಪದವನ್ನು ಏರಲು ಅನುಮತಿ ಕೊಡುವಾಗ ಅಥವಾ ಆ ಅನುಮತಿಯನ್ನು ರದ್ದು ಮಾಡುವಾಗ ಮಾತ್ರ ಆಡಬೇಕು. ಉಳಿದೆಲ್ಲ ಸಂದರ್ಭಗಳಲ್ಲಿ ‘ಡಿಪಾರ್ಚರ್’ ಎನ್ನಬೇಕು. ‘ರೆಡಿ ಫಾರ್ ಟೇಕ್‌ಆಫ್’ ಎಂದು ಇಂದಿಗೂ ಕರೆಯುವ ಹಿರಿಯರಿದ್ದಾರೆ. ಅವರನ್ನು ಅನುಕರಿಸಬೇಡಿ, ನಿಮ್ಮದು ‘ರೆಡಿ ಫಾರ್ ಡಿಪಾರ್ಚರ್’ ಎಂದೇ ಇರಲಿ.

ಒಂದರ ಮೇಲೊಂದು ಬೀಳುವ ಮಾತಿನ ಬಗ್ಗೆ ಇನ್ನೆರಡು ಮಾತು ಹೇಳಬೇಕು. ವಿಮಾನಗಳ ವಿಎಚ್‌ಎಫ್ ರೇಡಿಯೊ ಇಂದಿಗೂ ಎಎಂ ಪದ್ಧತಿಯದು. ಎಫ್‌ಎಂನಲ್ಲಾದರೆ ಬಲವಾದ ಸಂಕೇತ ದುರ್ಬಲವಾದದ್ದನ್ನು ಪೂರ್ತಿ ಮುಚ್ಚಿಬಿಡುತ್ತದೆ. ಎಎಂನಲ್ಲಿ ಎರಡೂ ಕಲೆತು ಸದ್ದಾಗುವುದರಿಂದ ಇನ್ನೊಬ್ಬರು ಮಾತನಾಡಿದರು ಎಂಬುದಾದರೂ ತಿಳಿಯುತ್ತದೆ. ಆದರೆ ಒಂದೇ ಫ್ರೀಕ್ವೆನ್ಸಿಯಲ್ಲಿ ಒಮ್ಮೆಗೆ ಒಬ್ಬರು ಮಾತ್ರ ಮಾತನಾಡಲು ಸಾಧ್ಯ. ಆದ್ದರಿಂದ ಹೊಸ ಫ್ರೀಕ್ವೆನ್ಸಿಗೆ ಬಂದ ಕೂಡಲೇ ಗುಂಡಿ ಒತ್ತುವವರು, ಹೇಳಬೇಕಾದದ್ದನ್ನು ಗುಂಡಿ ಒತ್ತಿದ ಮೇಲೆ ಯೋಚಿಸುವವರು, ಮರುನುಡಿಯ ಬದಲು ಗುಂಡಿಯನ್ನು ಎರಡು ಸಲ ಕ್ಲಿಕ್ಕಿಸಿ ಸುಮ್ಮನಾಗುವವರು ಇತರರ ಸಮಯವನ್ನು ಕಸಿದುಕೊಳ್ಳುತ್ತಾರೆ. ಎರಡು ಕ್ಲಿಕ್‌ಗಳಿಗೆ ಕರೆಸಂಕೇತವಿಲ್ಲ, ಅವು ಯಾರವೆಂದು ಹೇಳಲಾಗದು. ಇನ್ನು 121.5 ಮೆಗಾಹರ್ಟ್ಸ್ ತುರ್ತು ಫ್ರೀಕ್ವೆನ್ಸಿ. ಅದರಲ್ಲಿ ಬೆಕ್ಕಿನಂತೆ ಕೂಗುವ ಪೈಲಟ್‌ಗಳನ್ನು ಕ್ಷಮಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನಿಯಂತ್ರಣ ಗೋಪುರವಿಲ್ಲದ ನಿಲ್ದಾಣಗಳಲ್ಲಿ ‘ಸುತ್ತಮುತ್ತ ಇರುವವರೆಲ್ಲ ತಿಳಿಸಿ’ ಎಂದು ಕೇಳುವ ರೂಢಿಯೂ ಇದೆ. ಎಲ್ಲರೂ ಏಕಕಾಲಕ್ಕೆ ಉತ್ತರಿಸಿದರೆ ಯಾರ ಮಾತೂ ಕೇಳಿಸದು. ಅಮೆರಿಕದ ವಾಯುಯಾನ ಆಡಳಿತದ ಕೈಪಿಡಿ ಆ ಮಾತನ್ನು ಯಾವ ಸಂದರ್ಭದಲ್ಲೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳುತ್ತದೆ. ಮೊದಲು ಆಲಿಸಿ, ಆಮೇಲೆ ನಿಮ್ಮ ಸ್ಥಾನ ಮತ್ತು ಉದ್ದೇಶವನ್ನು ಹೇಳಿದರೆ ಸಾಕು.

ನಿರುಪದ್ರವಿ ರೂಢಿಗಳೂ ಇಲ್ಲದಿಲ್ಲ. ಫ್ರೀಕ್ವೆನ್ಸಿ ಬಿಡುವಾಗಿದ್ದರೆ ಒಂದು ನಮಸ್ಕಾರ, ಬೀಳ್ಕೊಡುವಾಗ ಒಂದು ಧನ್ಯವಾದ ಯಾರಿಗೂ ಹಾನಿ ಮಾಡದು. ಹೊಸ ಫ್ರೀಕ್ವೆನ್ಸಿಗೆ ಬಂದಾಗ ‘ವಿತ್ ಯು’ (ನಿಮ್ಮೊಡನಿದ್ದೇವೆ) ಎಂದು ಸೇರಿಸುವವರ ಮೇಲೆ ಹಲವು ನಿಯಂತ್ರಕರಿಗೆ ಸಿಟ್ಟಿದೆ; ನನಗೆ ಅದು ವ್ಯರ್ಥ ಮಾತೆನಿಸಿದರೂ ಅಪಾಯವೆನಿಸುವುದಿಲ್ಲ. ನಿಮ್ಮ ವಿಷಯಕ್ಕೆ ಬಂದರೆ, ನಿಯಮದಂತೆ ಮಾತನಾಡುವವರು ಅನನುಭವಿಯಂತೆ ಕೇಳಿಸುವುದು ಸಹ ಪೈಲಟ್‌ಗಳಿಗೆ ಮಾತ್ರ. ನಿಯಂತ್ರಕರಿಗೆ, ಅದರಲ್ಲೂ ಇಂಗ್ಲಿಷ್ ಮಾತೃಭಾಷೆಯಲ್ಲದ ನಿಯಂತ್ರಕರಿಗೆ, ನೀವು ಆ ದಿನದ ಅತ್ಯಂತ ನೆಮ್ಮದಿಯ ಧ್ವನಿ.

ಪ್ರಶ್ನೆ: ತುರ್ತು ಸಂದರ್ಭದಲ್ಲಿ ‘ಮೇಡೇ’ ಎನ್ನಲೇಬೇಕೇ? ಪರಿಸ್ಥಿತಿಯನ್ನು ಸಹಜ ಮಾತಿನಲ್ಲಿ ವಿವರಿಸಿದರೆ ನಿಯಂತ್ರಕರಿಗೆ ತಿಳಿಯುವುದಿಲ್ಲವೇ?

ಉತ್ತರ: ತಿಳಿಯದೇ ಹೋಗಬಹುದು. 1990ರ ಜನವರಿ 25ರಂದು ನ್ಯೂಯಾರ್ಕ್‌ನಲ್ಲಿ ಇಳಿಯಬೇಕಿದ್ದ ಏವಿಯಾಂಕಾ ಸಂಸ್ಥೆಯ 52ನೇ ಸಂಖ್ಯೆಯ ವಿಮಾನ ಒಂದು ಗಂಟೆಗೂ ಮಿಕ್ಕಿ ಆಕಾಶದಲ್ಲೇ ಕಾದಿತ್ತು. ಚಾಲಕರು ‘ಪ್ರಯಾರಿಟಿ’ ಕೇಳಿದರು, ಇಂಧನ ಮುಗಿಯುತ್ತಿದೆ ಎಂದೂ ಹೇಳಿದರು. ಆದರೆ ‘ಎಮರ್ಜೆನ್ಸಿ’ ಎಂದಾಗಲೀ ‘ಮೇಡೇ’ ಎಂದಾಗಲೀ ಹೇಳಲಿಲ್ಲ. ಇಂಧನ ಕಡಿಮೆಯಿದೆ ಎಂಬ ಮಾತನ್ನು ನಿಯಂತ್ರಕರು ಬೇರೆ ವಿಮಾನಗಳಿಂದಲೂ ಕೇಳುತ್ತಿರುತ್ತಾರೆ. ಅದು ಅವರ ಕ್ರಮವನ್ನು ಬದಲಿಸಲಿಲ್ಲ. ಇಂಧನ ಬರಿದಾಗಿ ವಿಮಾನ ಉರುಳಿ, 158 ಮಂದಿಯಲ್ಲಿ 73 ಮಂದಿ ಮೃತಪಟ್ಟರು. ಈಗ ಇದಕ್ಕೆಂದೇ ಎರಡು ನಿರ್ದಿಷ್ಟ ನುಡಿಗಳಿವೆ. ಇನ್ನಷ್ಟು ವಿಳಂಬವಾದರೆ ಮೀಸಲು ಇಂಧನಕ್ಕೆ ಕೈ ಹಾಕಬೇಕಾದೀತು ಎಂದಾಗ ‘ಮಿನಿಮಮ್ ಫ್ಯೂಯೆಲ್’ ಎನ್ನಬೇಕು. ಇಳಿಯುವ ಹೊತ್ತಿಗೆ ಕೊನೆಯ ಮೀಸಲೂ ಉಳಿಯದು ಎಂಬುದು ಖಚಿತವಾದಾಗ ‘ಮೇಡೇ ಮೇಡೇ ಮೇಡೇ ಫ್ಯೂಯೆಲ್’ ಎನ್ನಬೇಕು. ಮುಜುಗರಕ್ಕೋ ಮುಂದಿನ ವಿಚಾರಣೆಗೋ ಅಂಜಿ ಈ ಪದವನ್ನು ತಡೆಹಿಡಿಯುವ ಪೈಲಟ್‌ಗಳಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ. ಅಪಾಯ ದೂರವಾದರೆ ಘೋಷಣೆಯನ್ನು ಹಿಂತೆಗೆದುಕೊಳ್ಳಲು ಅವಕಾಶವಿದೆ.

ಪ್ರಶ್ನೆ: ‘ಅಫರ್ಮೇಟಿವ್’ ಎಂದರೆ ನನ್ನ ತರಬೇತುದಾರರು ತಿದ್ದುತ್ತಾರೆ. ಅದರಲ್ಲಿ ತಪ್ಪೇನು?

ಉತ್ತರ: ಗುಂಡಿ ಒತ್ತುವ ಮೊದಲೇ ಮಾತು ಶುರುವಾದರೆ ಪದದ ತಲೆ ಕತ್ತರಿಸಿಹೋಗುತ್ತದೆ. ಆಗ ‘ಅಫರ್ಮೇಟಿವ್’ ಮತ್ತು ‘ನೆಗೆಟಿವ್’ ಎರಡರಲ್ಲೂ ಉಳಿಯುವುದು ‘...ಟಿವ್’ ಎಂಬ ಒಂದೇ ಬಾಲ. ಹೌದು ಮತ್ತು ಇಲ್ಲ ಎಂಬ ಪದಗಳು ಹೀಗೆ ಒಂದಾಗಿಬಿಡಬಾರದು ಎಂದೇ ಅಂತರರಾಷ್ಟ್ರೀಯ ನಿಯಮ ‘ಅಫರ್ಮ್’ ಎಂಬುದನ್ನು ಒಪ್ಪಿದೆ. ಆದರೆ ಅಮೆರಿಕದ ನಿಯಮದಲ್ಲಿ ‘ಅಫರ್ಮೇಟಿವ್’ ಇನ್ನೂ ಉಳಿದಿದೆ. ಅಲ್ಲಿ ಹಾರುವಾಗ ಅದನ್ನೇ ಬಳಸಿ, ಗುಂಡಿ ಒತ್ತಿ ಒಂದು ಕ್ಷಣ ತಡೆದು ಬಾಯಿ ತೆರೆಯಿರಿ.