ಜೇಮ್ಸ್ ಕಾರ್‌ನನ್ನು 1991ರಿಂದ ಕೇಳಲು ಆರಂಭಿಸಬೇಡಿ

ಮಾನ್ಯರೇ, ನಮ್ಮ ರೆಕಾರ್ಡ್ ಗುಂಪಿನಲ್ಲಿ ತಾವು ಅಮೆರಿಕದ ಸೋಲ್ ಗಾಯಕ ಜೇಮ್ಸ್ ಕಾರ್‌ನ 1991ರ ‘ಟೇಕ್ ಮಿ ಟು ದಿ ಲಿಮಿಟ್’ ಸಿ.ಡಿ.ಯ ಚಿತ್ರ ಹಾಕಿ, ಇಷ್ಟೊಂದು ಹೊಗಳಿಸಿಕೊಂಡ ದನಿ ಇದೇನಾ ಎಂದು ಕೇಳಿದ್ದೀರಿ. ಗೋಲ್ಡ್‌ವ್ಯಾಕ್ಸ್ 317, ಅಂದರೆ ಆತನ ‘ದಿ ಡಾರ್ಕ್ ಎಂಡ್ ಆಫ್ ದಿ ಸ್ಟ್ರೀಟ್’ ಹಾಡಿನ ನಲವತ್ತೈದು (ನಿಮಿಷಕ್ಕೆ 45 ಸುತ್ತಿನ ಸಣ್ಣ ರೆಕಾರ್ಡ್), ಅದರ ಬಿಳಿ ಲೇಬಲ್ಲಿನ ಪ್ರೊಮೊ ಪ್ರತಿಯೊಂದನ್ನು (ರೇಡಿಯೋದವರಿಗೆ ಪ್ರಚಾರಕ್ಕೆಂದು ಕೊಟ್ಟದ್ದು) ಅಮೆರಿಕದಿಂದ ತರಿಸಿ, ಅದೂ ಹಿಡಿಸದಿದ್ದರೆ ಈ ಗಾಯಕನನ್ನು ಕೈಬಿಡುವುದಾಗಿಯೂ ಬರೆದಿದ್ದೀರಿ. ಇದೇ ಎರಡು ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಟ್ಟು ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತೇನೆ.

ತಾವು ಕೇಳಿದ್ದು ನಲವತ್ತೊಂಬತ್ತು ವರ್ಷ ವಯಸ್ಸಿನ ಆಸುಪಾಸಿನಲ್ಲಿದ್ದ, ಎರಡು ದಶಕ ಕಾಲ ಸ್ಟುಡಿಯೋದಿಂದ ಬಹುಮಟ್ಟಿಗೆ ದೂರವೇ ಉಳಿದಿದ್ದ ಒಬ್ಬ ರೋಗಿಯ ದನಿಯನ್ನು. 1942ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಮೆಂಫಿಸ್‌ನಲ್ಲಿ ಬೆಳೆದು, ಹಾರ್ಮನಿ ಎಕೋಸ್ ಎಂಬ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ತಂಡದಲ್ಲಿ ಗಂಟಲು ಪಳಗಿಸಿಕೊಂಡ ಜೇಮ್ಸ್ ಕಾರ್‌ನ ನಿಜವಾದ ಕೆಲಸವೆಲ್ಲ 1964ರಿಂದ 1969ರೊಳಗೆ, ಗೋಲ್ಡ್‌ವ್ಯಾಕ್ಸ್ ಎಂಬ ಒಂದು ಸಣ್ಣ ಲೇಬಲ್ಲಿನಲ್ಲಿ, ಅಂದರೆ ರೆಕಾರ್ಡ್ ಕಂಪನಿಯಲ್ಲಿ, ಮುಗಿದುಹೋಗಿದೆ. ಆ ಲೇಬಲ್ ಕಟ್ಟಿದವರು ಕ್ವಿಂಟನ್ ಕ್ಲಾಂಚ್ ಮತ್ತು ಔಷಧಿ ವ್ಯಾಪಾರದಲ್ಲಿದ್ದ ಡಾಕ್ ರಸೆಲ್. ರೂಸವೆಲ್ಟ್ ಜೇಮಿಸನ್ ಎಂಬಾತ ಕಾರ್ ಮತ್ತು ಇನ್ನೊಬ್ಬ ಗಾಯಕ ಓ. ವಿ. ರೈಟ್ ಇಬ್ಬರನ್ನೂ ಕರೆದುಕೊಂಡು ಹೋಗಿ ಕ್ಲಾಂಚ್‌ನ ಮನೆಯ ಬಾಗಿಲು ತಟ್ಟಿದ್ದರಿಂದ ಇಬ್ಬರಿಗೂ ದಾರಿ ತೆರೆಯಿತು. ರೈಟ್‌ನ ಮೇಲೆ ಹ್ಯೂಸ್ಟನ್ನಿನ ರೆಕಾರ್ಡ್ ಕಂಪನಿ ಮಾಲೀಕ ಡಾನ್ ರೋಬಿ ಹಳೆಯ ಕರಾರಿನ ಹಕ್ಕು ಚಲಾಯಿಸಿ ಆತನನ್ನು ಕರೆದೊಯ್ದ, ಕಾರ್ ಉಳಿದುಕೊಂಡ. ಗೋಲ್ಡ್‌ವ್ಯಾಕ್ಸ್‌ನ ಭಾಗ್ಯವೂ ದೌರ್ಭಾಗ್ಯವೂ ಅಲ್ಲಿಂದ ಮುಂದೆ ಬಹುಪಾಲು ಈ ಒಬ್ಬನ ಮೇಲೆಯೇ ನಿಂತಿತು.

1966ರ ‘ಯೂ ಹ್ಯಾವ್ ಗಾಟ್ ಮೈ ಮೈಂಡ್ ಮೆಸ್ಡ್ ಅಪ್’ ಅಮೆರಿಕದ ರಿದಮ್ ಅಂಡ್ ಬ್ಲೂಸ್ ಜನಪ್ರಿಯತೆಯ ಪಟ್ಟಿಯಲ್ಲಿ 7ನೆಯ ಸ್ಥಾನಕ್ಕೆ ಏರಿತು. ಆತನ ಹೆಸರಿನೊಡನೆ ಎಲ್ಲರೂ ಜೋಡಿಸುವ ‘ದಿ ಡಾರ್ಕ್ ಎಂಡ್ ಆಫ್ ದಿ ಸ್ಟ್ರೀಟ್’ 1967ರಲ್ಲಿ ಅದೇ ಪಟ್ಟಿಯ 10ನೆಯ ಸ್ಥಾನ ಮುಟ್ಟಿತಾದರೂ ಪಾಪ್ ಪಟ್ಟಿಯಲ್ಲಿ 77ಕ್ಕೇ ನಿಂತಿತು. ಡ್ಯಾನ್ ಪೆನ್ ಮತ್ತು ಚಿಪ್ಸ್ ಮೋಮನ್ ನ್ಯಾಶ್‌ವಿಲ್‌ನ ಒಂದು ಹೋಟೆಲ್ ಕೋಣೆಯಲ್ಲಿ, ಇಸ್ಪೀಟಾಟದ ನಡುವಿನ ಬಿಡುವಿನಲ್ಲಿ ಇದನ್ನು ಬರೆದರು. ಕೋಣೆ ಕ್ಲಾಂಚ್‌ನದು, ಹಾಡನ್ನು ಕಾರ್‌ಗೇ ಕೊಡಬೇಕೆಂಬುದು ಆತನ ಷರತ್ತು. ಆಮೇಲೆ ಪರ್ಸಿ ಸ್ಲೆಡ್ಜ್, ಫ್ಲೈಯಿಂಗ್ ಬರ್ರಿಟೋ ಬ್ರದರ್ಸ್, ಅರೀತಾ ಫ್ರಾಂಕ್ಲಿನ್ ಮೊದಲಾದವರು ಹಾಡಿದ್ದಾರೆ. ಮೆಂಫಿಸ್‌ನ ರಾಯಲ್ ಸ್ಟುಡಿಯೋದಲ್ಲಿ ಮುದ್ರಣಗೊಂಡ ಎರಡೂವರೆ ನಿಮಿಷದ ಮೂಲವನ್ನು ಕೇಳಿದ ಮೇಲೆ ಉಳಿದವರೆಲ್ಲ ಕಥೆ ಹೇಳುತ್ತಿದ್ದಾರೆ, ಕಾರ್ ಮಾತ್ರ ಸಿಕ್ಕಿಬಿದ್ದಿದ್ದಾನೆ ಎನ್ನಿಸುತ್ತದೆ. ಆತ ಅಬ್ಬರಿಸುವುದಿಲ್ಲ. ಗಂಟಲು ಒಡೆಯುವ ಅಂಚಿಗೆ ಬಂದು ಹಿಂದೆ ಸರಿಯುತ್ತಾನೆ, ಮತ್ತು ಆ ಹಿಂದೆ ಸರಿಯುವಿಕೆ ಕೇಳಿಸದಿದ್ದರೆ ಆತನನ್ನು ಅದೇ ಕಾಲದ ಹೆಸರಾಂತ ಸೋಲ್ ಗಾಯಕ ಒಟಿಸ್ ರೆಡ್ಡಿಂಗ್‌ನ ನೆರಳು ಎಂದು ಭಾವಿಸುವುದು ಸುಲಭ. ಈ ಗುಂಪಿನಲ್ಲೇ ಅದನ್ನು ಹಲವರು ಬರೆದಿದ್ದಾರೆ. ದಯವಿಟ್ಟು ಮೊದಲು ಮೂಲ ಕೇಳಿ, ಆಮೇಲೆ ಹೋಲಿಸಿ.

ಆದ್ದರಿಂದ ಮೊದಲು ಕೊಳ್ಳಬೇಕಾದದ್ದು ನಲವತ್ತೈದಲ್ಲ. ಲಂಡನ್ನಿನ ಏಸ್ ಸಂಸ್ಥೆಯ ಕೆಂಟ್ ಲೇಬಲ್ಲಿನಿಂದ ಬಂದ ಗೋಲ್ಡ್‌ವ್ಯಾಕ್ಸ್ ಸಿಂಗಲ್‌ಗಳ ಸಂಪೂರ್ಣ ಸಂಕಲನವನ್ನು ತೆಗೆದುಕೊಳ್ಳಿ. ಹಳೆಯ ಸೋಲ್ ಮರುಮುದ್ರಣದಲ್ಲಿ ಕೆಂಟ್‌ನಷ್ಟು ನಂಬಿಗಸ್ತರು ನನಗೆ ಬೇರೆ ಕಂಡಿಲ್ಲ. ಅಗ್ಗದ ‘ಬೆಸ್ಟ್ ಆಫ್’ಗಳಲ್ಲಿ ಮುದ್ರಣದ ವರ್ಷ ನಮೂದಿಸಿರದಿದ್ದರೆ ಮುಟ್ಟಲೇಬೇಡಿ. ಸಂಕಲನ ಹಿಡಿಸಿದರೆ 1967ರ ಮೊದಲ ಎಲ್.ಪಿ., ನಂತರ 1968ರ ‘ಎ ಮ್ಯಾನ್ ನೀಡ್ಸ್ ಎ ವುಮನ್’. ಎರಡನೆಯದು ಸ್ವಲ್ಪ ಕಡಿಮೆಯದು, ಆದರೂ ಇರಲಿ. 1971ರಲ್ಲಿ ಅಟ್ಲಾಂಟಿಕ್ ಕಂಪನಿಗೆ ಹಾಡಿದ ‘ಹೋಲ್ಡ್ ಆನ್’ ಕೇಳಿದರೆ ಸಾಕು, ಹುಡುಕಿಕೊಂಡು ಹೋಗಬೇಕಿಲ್ಲ. ತಮ್ಮ ಕೈಯಲ್ಲಿರುವ ಸಿ.ಡಿ. ಈ ಸಾಲಿನ ಕೊನೆಗೆ ಬರಬೇಕಾದದ್ದು.

ಇನ್ನು 317ರ ವಿಷಯ. ಆ ಕಾಲದ ಅಮೆರಿಕದ ಅನೇಕ ನಲವತ್ತೈದುಗಳು ವಿನೈಲ್ ಅಲ್ಲ, ಸ್ಟೈರೀನ್ ಎಂಬ ಗಡುಸು ಪ್ಲಾಸ್ಟಿಕ್. ಬಾಗಿಸಲು ಹೋದರೆ ಬಾಗದೆ ಬಿರುಸಾಗಿ ನಿಲ್ಲುವುದು, ಉಗುರಿನಿಂದ ತಟ್ಟಿದರೆ ಟಕ್ ಎನ್ನುವುದು, ನಡುವಿನ ಲೇಬಲ್ ಚೀಟಿ ಅಚ್ಚಿನಲ್ಲೇ ಸೇರದೆ ಮೇಲೆ ಅಂಟಿಸಿದಂತಿರುವುದು ಇದರ ಗುರುತು. ಸ್ಟೈರೀನ್ ಸವೆದರೆ ಗೀರು ಕಾಣುವುದಿಲ್ಲ; ಮೇಲ್ಮೈ ಹೊಳೆಯುತ್ತಲೇ ಇದ್ದು, ಒಳಗೆ ಗ್ರೂವ್ (ಸೂಜಿ ಓಡುವ ಗೆರೆ) ಸುಟ್ಟಂತಾಗಿ, ದನಿ ಏರಿದಾಗಲೆಲ್ಲ ಕರಕರ ಎನ್ನುತ್ತದೆ. ಪ್ರೊಮೊ ಪ್ರತಿಯಲ್ಲಿ ಅಪಾಯ ಇನ್ನೂ ಹೆಚ್ಚು. ರೇಡಿಯೋದವರು ಹಾಡಿನ ಮೊದಲ ಸ್ವರಕ್ಕೆ ಸೂಜಿ ಇಟ್ಟು, ರೆಕಾರ್ಡನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿ ಸಿದ್ಧವಾಗಿಡುತ್ತಿದ್ದುದರಿಂದ ಮೊದಲ ಕೆಲವು ಸೆಕೆಂಡುಗಳು ಉಜ್ಜಿಹೋಗಿರುತ್ತವೆ. ಜೋರಾಗಿ ಶುರುವಾಗುವ ಕುಣಿತದ ಹಾಡಾದರೆ ಸಹಿಸಬಹುದು. ಈ ಹಾಡು ಮೆಲ್ಲಗೆ ತೆರೆದುಕೊಳ್ಳುವಂಥದ್ದು. ಆ ಆರಂಭವೇ ಸೀದುಹೋದರೆ ಬಿಳಿ ಲೇಬಲ್ ಇಟ್ಟುಕೊಂಡು ಮಾಡುವುದೇನು? ನನಗೆ ಬಂದ ಪ್ರತಿಯನ್ನು ಮಾರಾಟಗಾರ ಕಣ್ಣಿನಿಂದ ನೋಡಿಯಷ್ಟೇ ‘ಹೊಸದರಂತಿದೆ’ ಎಂದು ಬರೆದಿದ್ದ.

ಒಳ್ಳೆಯ ಪ್ರತಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದನ್ನು ಸೂಟ್‌ಕೇಸ್ ಪ್ಲೇಯರಿನ ಮೇಲೆ ಇಡುವವರಿಗೆ ರೆಕಾರ್ಡ್ ಕೊಳ್ಳುವ ಹಕ್ಕೇ ಇಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅವುಗಳ ಸೆರಾಮಿಕ್ ಕಾರ್ಟ್ರಿಜ್ (ಸೂಜಿ ಹೊತ್ತ ಭಾಗ) ಊರುವ ಭಾರಕ್ಕೆ ಸ್ಟೈರೀನ್ ತಡೆಯುವುದಿಲ್ಲ. ಆಡಿಯೋ ಟೆಕ್ನಿಕಾದ ವಿ.ಎಂ. 95 ಸಾಲಿನ ಶಂಕುವಿನಾಕಾರದ ಸೂಜಿ, 2 ಗ್ರಾಂ ಭಾರದಲ್ಲಿ, ಇಂಥ ನಲವತ್ತೈದುಗಳಿಗೆ ಸಾಕಷ್ಟು ಚೆನ್ನಾಗಿದೆ. ದುಬಾರಿ ಸೂಕ್ಷ್ಮ ಸೂಜಿಗಳು ಸವೆದ ಗ್ರೂವಿನ ತಳದ ದೋಷವನ್ನೆಲ್ಲ ಕೆದಕಿ ಎತ್ತುವುದೂ ಉಂಟು. ಆರ್ಟೋಫೋನ್‌ನ ಮೋನೋ (ಒಂದೇ ಚಾನೆಲ್ಲಿನ) ಕಾರ್ಟ್ರಿಜ್ ಸೊಗಸಾಗಿದೆ ನಿಜ, ಆದರೆ ಅದು ಸಂಗ್ರಹ ಬೆಳೆದ ಮೇಲಿನ ಮಾತು.

ನಾನು ಒತ್ತಾಯಿಸುವುದು ಒಂದೇ: ಮೋನೋ ರೆಕಾರ್ಡನ್ನು ಮೋನೋ ಆಗಿಯೇ ಕೇಳಿ. ಮೋನೋ ಗ್ರೂವಿನಲ್ಲಿ ಸಂಗೀತವಿರುವುದು ಸೂಜಿಯ ಅಡ್ಡ ಚಲನೆಯಲ್ಲಿ ಮಾತ್ರ. ಸ್ಟೀರಿಯೋ ಕಾರ್ಟ್ರಿಜ್ ಮೇಲೆ ಕೆಳಗಿನ ಚಲನೆಯನ್ನೂ ಓದುತ್ತದೆ, ಅಲ್ಲಿರುವುದು ಧೂಳು, ಸವೆತ, ಗುರುಗುರು ಅಷ್ಟೇ. ಎಡಬಲ ಚಾನೆಲ್‌ಗಳನ್ನು ಕೂಡಿಸಿದರೆ ಅದರ ಬಹುಭಾಗ ತಾನೇ ರದ್ದಾಗಿ, ಕಾರ್‌ನ ದನಿ ನಡುವೆ ಗಟ್ಟಿಯಾಗಿ ಬಂದು ನಿಲ್ಲುತ್ತದೆ. ಹಳೆಯ ಆಂಪ್ಲಿಫೈಯರುಗಳಲ್ಲಿ ಇದಕ್ಕೊಂದು ಮೋನೋ ಗುಂಡಿ ಇರುತ್ತಿತ್ತು. ಹೊಸದು ಕೊಳ್ಳುವಾಗಲೂ ಅದನ್ನೇ ಮೊದಲು ನೋಡಿ. ಗುಂಡಿ ಇಲ್ಲದವರು ಕಂಪ್ಯೂಟರಿಗೆ 24 ಬಿಟ್‌ನಲ್ಲಿ ಇಳಿಸಿಕೊಂಡು ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಎರಡು ಚಾನೆಲ್‌ಗಳನ್ನು ಕೂಡಿಸಬಹುದು. ಆದರೆ ಚಿಟಿಚಿಟಿ ತೆಗೆಯುವ ಕೆಲಸವನ್ನು ಕೂಡಿಸುವ ಮೊದಲೇ ಮುಗಿಸಿ, ಏಕೆಂದರೆ ಆ ಸದ್ದು ಎರಡು ಚಾನೆಲ್‌ಗಳಲ್ಲಿ ಒಂದೇ ತೆರನಾಗಿರುವುದಿಲ್ಲ, ಬೇರೆ ಬೇರೆಯಾಗಿದ್ದಾಗಲೇ ಸುಲಭವಾಗಿ ಸಿಕ್ಕಿಬೀಳುತ್ತದೆ. ಹಿಸ್ (ಹಿನ್ನೆಲೆಯ ಸುಯ್ ಎನ್ನುವ ಸದ್ದು) ತೆಗೆಯುವ ಸಾಧನವನ್ನು ಮಾತ್ರ ಮುಟ್ಟಬೇಡಿ. ಅದು ಸಾಲುಗಳ ನಡುವೆ ಆತ ಎಳೆದುಕೊಳ್ಳುವ ಉಸಿರನ್ನೂ ನುಂಗುತ್ತದೆ. ಅಮೆರಿಕದ ನಲವತ್ತೈದುಗಳ ನಡುವಿನ ರಂಧ್ರ ದೊಡ್ಡದಾದ್ದರಿಂದ ಅಡಾಪ್ಟರ್ ಬೇಕೆಂಬುದು ತಮಗೆ ಗೊತ್ತೇ ಇದೆ; ಸಡಿಲವಾದ ಪ್ಲಾಸ್ಟಿಕ್ಕಿನದಕ್ಕಿಂತ ಬಿಗಿಯಾಗಿ ಕೂರುವ ಲೋಹದ್ದೇ ಇರಲಿ, ಇಲ್ಲವಾದರೆ ಸ್ವರ ತೇಲಾಡುತ್ತದೆ.

ತಮ್ಮ ಬರಹದ ಕೆಳಗೆ ಇನ್ನೊಬ್ಬರು, ಹುಚ್ಚು ಹಿಡಿದಿದ್ದರಿಂದಲೇ ಆತ ಹಾಗೆ ಹಾಡಬಲ್ಲವನಾದ ಎಂದಿದ್ದಾರೆ. ಇದನ್ನು ಒಪ್ಪಲಾರೆ. ಕಾರ್‌ಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇತ್ತು. ಅದು ಆತನಿಗೆ ಕೊಟ್ಟದ್ದು ಗೋಲ್ಡ್‌ವ್ಯಾಕ್ಸ್‌ನ ಕೊನೆಗಾಲದಲ್ಲಿ ಮೈಕಿನ ಮುಂದಿನ ದೀರ್ಘ ಮೌನ, 1979ರ ಜಪಾನ್ ಪ್ರವಾಸದಲ್ಲಿ ವೇದಿಕೆಯ ಮೇಲೆ ಕಲ್ಲಾಗಿ ನಿಂತ ಸಂಜೆ, ಮೆಂಫಿಸ್‌ನಲ್ಲಿ ಸೋದರಿಯ ಆಸರೆಯ ವರ್ಷಗಳು. 2001ರ ಜನವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಾಗ ಆತನಿಗೆ 58. ಕಾಯಿಲೆ ಹಾಡುಗಳನ್ನು ಕಿತ್ತುಕೊಂಡಿತೇ ಹೊರತು ಕೊಡಲಿಲ್ಲ. ಹಾಡು ಬಂದದ್ದು ಗಾಸ್ಪೆಲ್ ತಂಡದ ಅಭ್ಯಾಸದಿಂದ, ಮತ್ತು ಮೆಂಫಿಸ್‌ನಲ್ಲಿ ಆತನ ಹಿಂದೆ ಕುಳಿತಿದ್ದ ನುರಿತ ವಾದ್ಯಗಾರರಿಂದ.

ಅಷ್ಟಾದ ಮೇಲೂ 317 ಬೇಕೇ ಬೇಕೆಂದಾದರೆ ಪ್ರೊಮೊ ಬಿಟ್ಟು ಸಾಮಾನ್ಯ ಮಾರಾಟದ ಪ್ರತಿಯನ್ನು ನೋಡಿ. ಮೊದಲ ಇಪ್ಪತ್ತು ಸೆಕೆಂಡುಗಳನ್ನೂ ದನಿ ಅತಿ ಎತ್ತರಕ್ಕೆ ಏರುವ ಭಾಗವನ್ನೂ ಧ್ವನಿಮುದ್ರಿಸಿ ಕಳುಹಿಸುವಂತೆ ಕೇಳಿ. ಕಳುಹಿಸಲು ನಿರಾಕರಿಸುವವರಿಂದ ಎಷ್ಟೇ ಅಗ್ಗಕ್ಕೆ ಬಂದರೂ ಕೊಳ್ಳಬೇಡಿ, ಬೆಲೆ ನಿಗದಿ ಮಾಡುವಾಗ ಅಂಚೆ ಮತ್ತು ಸುಂಕದ ವೆಚ್ಚವನ್ನು ಸೇರಿಸಿಯೇ ಲೆಕ್ಕ ಹಾಕಿ.