ಮುಂದಿನ ಚಕ್ರದ ಬೇರಿಂಗ್ ಮನೆಯಲ್ಲೇ ಬದಲಿಸಬಹುದಾ? ಪ್ರೆಸ್ (ಒತ್ತುವ ಯಂತ್ರ) ಇಲ್ಲದೆ ಸುತ್ತಿಗೆಯಲ್ಲೋ ಉದ್ದ ಬೋಲ್ಟಿನ ಪುಲ್ಲರಿನಲ್ಲೋ ಆಗುತ್ತದಾ? ಎರಡೂ ಕಡೆ ಒಟ್ಟಿಗೆ ಬದಲಿಸಬೇಕಾ?

ನಮ್ಮ ಹಳೆಯ ಸ್ವಿಫ್ಟ್‌ದೂ ಇದೇ ಕಥೆ ಮಾರಾಯ್ರೆ. ಮನೆ ಸುರತ್ಕಲ್ ಕಡೆ, ಓಡಾಟ ಉಡುಪಿಗೆ. ಮುಕ್ಕ ದಾಟಿ ವೇಗ 60 ಮುಟ್ಟಿತೆಂದರೆ ಮುಂದಿನಿಂದ ಗುಂಯ್ ಅನ್ನುವ ಶಬ್ದ. ಪಡುಬಿದ್ರಿ ಬರುವಾಗ ಪಕ್ಕದಲ್ಲಿ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಗ್ಯಾರೇಜಿನಲ್ಲಿ ಹೇಳಿದ ಕೂಲಿ ಬೇರಿಂಗಿನ ಬೆಲೆಗಿಂತ ಜಾಸ್ತಿ. ಹಾಗಾಗಿ ಅಂಗಳದಲ್ಲೇ ಬಿಚ್ಚಿದೆ.

ಮೊದಲು ಅದು ಬೇರಿಂಗೇ ಹೌದಾ ನೋಡಿ. ಸವೆದ ಟೈರ್ ಕೂಡ ಹೀಗೇ ಕೂಗುತ್ತದೆ, ಕಾಂಕ್ರೀಟ್ ರಸ್ತೆಯಲ್ಲಂತೂ ಇನ್ನೂ ಜಾಸ್ತಿ. ಹೆದ್ದಾರಿಯ ಬಲ ತಿರುವಿನಲ್ಲಿ ಭಾರ ಎಡ ಚಕ್ರದ ಮೇಲೆ ಬೀಳುತ್ತದೆ. ಆಗ ಶಬ್ದ ಏರಿದರೆ ಎಡಗಡೆಯ ಬೇರಿಂಗ್ ಮೇಲೆ ಅನುಮಾನ ಪಡಿ. ಆಮೇಲೆ ಕಾರನ್ನು ಜ್ಯಾಕ್‌ನಲ್ಲಿ ಎತ್ತಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಒಂದು ಕೈ ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಟ್ಟು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗಿನ ಗರಗರ ಸ್ಪ್ರಿಂಗಿನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಬಿಚ್ಚುವುದು ಕಷ್ಟದ ಕೆಲಸ ಅಲ್ಲ, ತಾಳ್ಮೆಯ ಕೆಲಸ. ಡ್ರೈವ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತರುವ ಕಂಬಿ) ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲ ಮಾಡಿ. ಆದರೆ ಸಡಿಲ ಮಾಡಿದ ಮೇಲೆ ಕಾರನ್ನು ಒಂದಡಿಯೂ ಉರುಳಿಸಬೇಡಿ, ಬೇರಿಂಗನ್ನು ಸರಿಯಾಗಿ ಹಿಡಿದಿಡುವುದು ಅದೇ ನಟ್ಟು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರನ್ನು ಬ್ರೇಕ್ ಹೋಸಿನಲ್ಲಿ ನೇತಾಡಲು ಬಿಡದೆ ತಂತಿಯಲ್ಲಿ ಕಟ್ಟಿ. ಸ್ಟ್ರಟ್ (ಸ್ಪ್ರಿಂಗ್ ಹೊತ್ತ ಶಾಕ್ ಅಬ್ಸಾರ್ಬರ್) ಬೋಲ್ಟು ಇದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ನಮ್ಮದು ಕಡಲ ಗಾಳಿಯ ಊರು, ಬಾಲ್ ಜಾಯಿಂಟ್, ಟೈ ರಾಡ್‌ನಂಥ ಸಸ್ಪೆನ್ಷನ್, ಸ್ಟಿಯರಿಂಗ್ ಕೊಂಡಿಗಳೆಲ್ಲ ತುಕ್ಕು ಹಿಡಿದಿರುತ್ತವೆ. ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ರಾತ್ರಿಯೇ ಹೊಡೆದಿಡಿ.

ಅಲ್ಲಿಗೆ ಹಬ್ (ಚಕ್ರ ಕೂರುವ ಭಾಗ) ಸಮೇತ ನಕಲ್, ಅಂದರೆ ಬೇರಿಂಗ್ ಕೂರುವ ಲೋಹದ ಭಾಗ, ಕೈಗೆ ಬರುತ್ತದೆ. ಇದರಿಂದ ಮುಂದಿನ ಕೆಲಸವೇ ನನಗೆ ದುಬಾರಿಯಾಯಿತು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೇರಿಂಗಿನಲ್ಲಿ ಒಳ ರಿಂಗ್, ಹೊರ ರಿಂಗ್, ನಡುವೆ ಗುಂಡುಗಳು. ಹೊರ ರಿಂಗ್ ನಕಲ್ ಒಳಗೆ ಬಿಗಿಯಾಗಿ ಕೂರುತ್ತದೆ, ಒಳ ರಿಂಗಿನೊಳಗೆ ಹಬ್ ಬಿಗಿಯಾಗಿ ಕೂರುತ್ತದೆ. ನಾನು ಇದನ್ನು ಒಂದು ಲೇತ್ ಶಾಪಿಗೆ ಒಯ್ದೆ. ಹೊಸ ಬೇರಿಂಗನ್ನು ನಕಲ್‌ಗೆ ಒತ್ತುವಾಗ ಹೊರ ರಿಂಗಿನ ಮೇಲೇ ಒತ್ತಿದರು, ಅದು ಸರಿ. ಆಮೇಲೆ ನಕಲನ್ನು ಎರಡು ಕಬ್ಬಿಣದ ತುಂಡಿನ ಮೇಲಿಟ್ಟು, ಮೇಲಿನಿಂದ ಹಬ್ ಒತ್ತಿದರು. ಕೆಳಗೆ ಒಳ ರಿಂಗಿಗೆ ಆಧಾರವೇ ಇರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಪ್ರೆಸ್ಸಿನ ಅಷ್ಟೂ ಭಾರ ಹಬ್‌ನಿಂದ ಒಳ ರಿಂಗಿಗೆ, ಅಲ್ಲಿಂದ ಗುಂಡುಗಳಿಗೆ, ಗುಂಡುಗಳಿಂದ ಹೊರ ರಿಂಗಿಗೆ ಹೋಯಿತು. ಗುಂಡುಗಳು ಓಡುವ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ಬೀಳಲು ಅಷ್ಟು ಸಾಕು. ಕೈಯಲ್ಲಿ ತಿರುಗಿಸಿದರೆ ನುಣ್ಣಗೆ ತಿರುಗುತ್ತದೆ, ಏನೂ ಗೊತ್ತಾಗುವುದಿಲ್ಲ. ಕೆಲವು ವಾರ ಸುಮ್ಮನಿದ್ದು ಅದೇ ಶಬ್ದ ವಾಪಸ್ ಬಂತು. ಮತ್ತೆ ಹೊಸ ಬೇರಿಂಗ್, ಹೊಸ ನಟ್ಟು, ಮತ್ತೆ ಅಲೈನ್‌ಮೆಂಟ್ ಖರ್ಚು. ಆ ಬೇರಿಂಗ್ ಹೊರಗೆ ತೆಗೆದರೆ ಇನ್ನೊಮ್ಮೆ ಬಳಕೆಗೂ ಬರುವುದಿಲ್ಲ. ಹಬ್ ಎಳೆಯುವಾಗ ಒಳ ರಿಂಗಿನ ಅರ್ಧ ಹಬ್ಬಿಗೇ ಅಂಟಿಕೊಂಡು ಬರುತ್ತದೆ. ಅದನ್ನು ಗ್ರೈಂಡರಿನಲ್ಲಿ ಸೀಳಿ ಉಳಿಯಿಂದ ಬಿಡಿಸಬೇಕು, ಹಬ್ಬಿಗೆ ಗೀರು ಬೀಳದ ಹಾಗೆ.

ಎರಡನೇ ಸಲ ಒಳ ರಿಂಗಿನ ಅಳತೆಯ ಪೈಪ್ ತುಂಡು ಒಯ್ದು ಕೆಳಗಿಡಿಸಿದೆ. ಈಗ ಶಿರಾಡಿ ಘಾಟಿಯಲ್ಲೂ ಸದ್ದಿಲ್ಲ. ಲೇತ್ ಶಾಪಿನವರ ಕೈಗೆ ಹತ್ತು ಥರದ ಕೆಲಸ ಬರುತ್ತದೆ. ಯಾವ ರಿಂಗಿಗೆ ಆಧಾರ ಬೇಕೆಂದು ಹೇಳುವುದು ಭಾಗ ತಂದವರ ಜವಾಬ್ದಾರಿ.

ಹಾಗಾಗಿ ಸುತ್ತಿಗೆಯಾ, ಉದ್ದ ಬೋಲ್ಟಿನ ಪುಲ್ಲರಾ ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ, ಭಾರ ಯಾವ ರಿಂಗಿನ ಮೇಲೆ ಬೀಳುತ್ತದೆ ಅನ್ನುವುದೇ ಮುಖ್ಯ. ಸುತ್ತಿಗೆಯ ಒಂದೊಂದು ಏಟೂ ಅದೇ ಗುಂಡುಗಳ ಮೇಲೆ ಹೋಗುತ್ತದೆ, ಅದೂ ಓರೆಯಾಗಿ. ಬಿಚ್ಚುವುದು, ಜೋಡಿಸುವುದು ಮನೆಯಲ್ಲಿ ಮಾಡಿ. ಒತ್ತುವುದನ್ನು ಬೈಕಂಪಾಡಿಯಲ್ಲೋ ಮಣಿಪಾಲದ ಕೈಗಾರಿಕಾ ಪ್ರದೇಶದಲ್ಲೋ ಹೈಡ್ರಾಲಿಕ್ ಪ್ರೆಸ್ ಇರುವವರ ಹತ್ತಿರ ಮಾಡಿಸಿ, ಪಕ್ಕದಲ್ಲೇ ನಿಲ್ಲಿ. ಕೂಲಿಯ ದೊಡ್ಡ ಪಾಲು ಹೇಗೂ ಉಳಿಯುತ್ತದೆ ಅಲ್ವಾ? ಎಬಿಎಸ್ (ಬ್ರೇಕ್ ಹಾಕುವಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಾದರೆ ಇನ್ನೊಂದು ವಿಷಯ ಉಂಟು. ಕೆಲವು ಬೇರಿಂಗುಗಳ ಒಂದು ಬದಿಯ ಸೀಲಿನಲ್ಲಿ ಮ್ಯಾಗ್ನೆಟ್ ಇರುತ್ತದೆ, ಆ ಬದಿ ಸೆನ್ಸರ್ ಕಡೆಗೇ ಬರಬೇಕು. ತಿರುಗಿಸಿ ಹಾಕಿದರೆ ಎಬಿಎಸ್ ದೀಪ ಆರುವುದಿಲ್ಲ. ಒತ್ತಿದ ಮೇಲೆ ಸರ್ಕ್ಲಿಪ್ (ಬೇರಿಂಗ್ ಜಾರದಂತೆ ತಡೆಯುವ ಬಳೆ) ತನ್ನ ಗ್ರೂವಿನಲ್ಲಿ ಪೂರ್ತಿ ಕೂತಿದೆಯಾ ಎಂದೂ ನೋಡಿ.

ಎರಡೂ ಕಡೆ ಒಟ್ಟಿಗೆ ಬದಲಿಸಬೇಕಾ ಎಂದು ಕೇಳಿದ್ದೀರಿ. ಬೇಡ. ಶಬ್ದ ಇರುವುದನ್ನು ಮಾತ್ರ ಬದಲಿಸಿ. ಆದರೆ ಮಳೆಗಾಲದಲ್ಲಿ ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿನಲ್ಲಿ ಕಾರು ಓಡಿಸಿದ್ದರೆ ಇನ್ನೊಂದು ಚಕ್ರವನ್ನೂ ಸ್ಪ್ರಿಂಗ್ ಮೇಲೆ ಕೈಯಿಟ್ಟು ಪರೀಕ್ಷಿಸಿ. ಸೀಲ್ ಹಳೆಯದಾದರೆ ನೀರು ಒಳಗೆ ಹೋಗಿ ಗ್ರೀಸ್ ಕೆಡುತ್ತದೆ. ಡ್ರೈವ್ ಶಾಫ್ಟಿಗೆ ಹೊಸ ನಟ್ಟೇ ಹಾಕಿ, ಕಾರಿನ ಮ್ಯಾನ್ಯುಯಲ್ ಹೇಳಿದಷ್ಟೇ ಟಾರ್ಕ್ ರೆಂಚಿನಲ್ಲಿ (ಬಿಗಿತ ಅಳೆಯುವ ಸ್ಪ್ಯಾನರ್) ಬಿಗಿ ಮಾಡಿ. ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರಲ್ಲಾದರೂ ಕೇಳಿ ತನ್ನಿ, ಅಲ್ಲಿಯವರೆಗೆ ಕಾರು ಸ್ಟ್ಯಾಂಡ್ ಮೇಲೇ ಇರಲಿ.