ತಿಳಿನೀರು ಮತ್ತು ಬಾಟಲಿ ತುಂಬಿದ ಹೊತ್ತು

ಕಾರವಾರದ ಓದುಗರೊಬ್ಬರು ಬರೆದಿದ್ದಾರೆ: “ಕೊಲ್ಲಿಗಳ ಮಾಲಿನ್ಯದ ಬಗ್ಗೆ ಕಳೆದ ಸಂಚಿಕೆಯ ಲೇಖನ ಓದಿದೆ. ನಾನು ದಿನಾ ನಡೆದಾಡುವ ದಂಡೆಯಲ್ಲಿ ನೀರು ತಿಳಿಯಾಗಿಯೇ ಇದೆ. ಸಮುದ್ರದಲ್ಲಿ ಬ್ಯಾಕ್ಟೀರಿಯಾ ಹೇಗೂ ಇದ್ದೇ ಇರುತ್ತವೆ. ಅವನ್ನು ಎಣಿಸಿ ನೀರು ಕೆಟ್ಟಿದೆ ಅನ್ನುವುದು ಹೇಗೆ? ನಾವು ಬಳಚು (ಚಿಪ್ಪುಮೀನು) ತಿನ್ನುವುದನ್ನೂ ಬಿಡಬೇಕೇ?”

ಮಾನ್ಯರೇ,

ಇದ್ದೇ ಇರುತ್ತವೆ, ನಿಜ. ದಂಡೆಯ ಹತ್ತಿರದ ಒಂದು ಮಿಲಿಲೀಟರ್ ಕಡಲ ನೀರಿನಲ್ಲಿ ಹತ್ತು ಲಕ್ಷದ ಆಸುಪಾಸು ಬ್ಯಾಕ್ಟೀರಿಯಾ ಸಹಜವಾಗಿಯೇ ಇರುತ್ತವೆ. ಎಣಿಸುವುದು ಅವನ್ನಲ್ಲ. ಮನುಷ್ಯರ, ದನಕರುಗಳ ಕರುಳಲ್ಲಿ ಬದುಕುವ ಫೀಕಲ್ ಕೋಲಿಫಾರ್ಮ್, ಎಂಟೆರೊಕಾಕಸ್‌ನಂಥವನ್ನು. ಅವು ಹೆಚ್ಚಾಗಿ ಸಿಕ್ಕವೆಂದರೆ ಎಲ್ಲಿಂದಲೋ ಕೊಳಚೆ ಬಂದು ಸೇರುತ್ತಿದೆ. ಅದರ ಬೆನ್ನಿಗೇ ಟೈಫಾಯ್ಡ್, ಕಾಮಾಲೆಯ ರೋಗಾಣುಗಳೂ ಬಂದಿರಬಹುದು. ಒಂದೊಂದು ರೋಗಾಣುವನ್ನೂ ಹುಡುಕುತ್ತ ಹೋಗುವುದು ದುಬಾರಿ ಕೆಲಸ, ಅದಕ್ಕೇ ಕೊಳಚೆಯ ಗುರುತಾಗಿ ಇವನ್ನು ಎಣಿಸುತ್ತಾರೆ.

ಈ ಪರೀಕ್ಷೆಯನ್ನು ಒಮ್ಮೆ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಸಾಲಾಗಿ ಗಾಜಿನ ನಳಿಕೆಗಳು, ಅವುಗಳಲ್ಲಿ ಹಾಲಿನ ಸಕ್ಕರೆ ಬೆರೆಸಿದ ನೇರಳೆ ದ್ರವ, ಒಳಗೆ ಬೋರಲು ಹಾಕಿದ ಇನ್ನೊಂದು ಪುಟ್ಟ ನಳಿಕೆ. ಕಡಲ ನೀರು ಬೆರೆಸಿ ಬೆಚ್ಚಗಿಡುತ್ತಾರೆ. ಕೋಲಿಫಾರ್ಮ್ ಇದ್ದರೆ ಒಂದೆರಡು ದಿನದಲ್ಲಿ ನೇರಳೆ ಹಳದಿಯಾಗಿ, ಪುಟ್ಟ ನಳಿಕೆಯ ನೆತ್ತಿಯಲ್ಲಿ ಗಾಳಿಗುಳ್ಳೆ ಕೂತಿರುತ್ತದೆ. ಎಷ್ಟು ನಳಿಕೆಗಳಲ್ಲಿ ಗುಳ್ಳೆ ಎಂಬುದರಿಂದ ಲೆಕ್ಕ. ಕನ್ನಡಿಯಂತೆ ತಿಳಿಯಾಗಿದ್ದ ನೀರು ಹಾಕಿದ ನಳಿಕೆಯೂ ಹಳದಿಯಾಗಿತ್ತು. ಅಂದಿನಿಂದ ಈ ವಿಷಯದಲ್ಲಿ ನಾನು ಕಣ್ಣನ್ನು ನಂಬುವುದಿಲ್ಲ.

ಸ್ನಾನಕ್ಕೆ ಒದಗುವ ಕಡಲ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ, 100 ಮಿಲಿಲೀಟರಿಗೆ 100 ಫೀಕಲ್ ಕೋಲಿಫಾರ್ಮ್. ಉಪ್ಪುನೀರಲ್ಲಿ ಕೋಲಿಫಾರ್ಮ್ ಬೇಗ ಸಾಯುತ್ತದೆ, ಎಂಟೆರೊಕಾಕಸ್ ಹೆಚ್ಚು ಕಾಲ ತಾಳುತ್ತದೆ. ಅಮೆರಿಕ 1986ರಲ್ಲೇ ಕಡಲ ನೀರಿಗೆ ಎಂಟೆರೊಕಾಕಸ್ ಎಣಿಕೆಯನ್ನು ಆರಿಸಿಕೊಂಡಿತು. 2020ರಲ್ಲಿ ನಮ್ಮ ಕಾಸರಕೋಡು, ಪಡುಬಿದ್ರಿ ಕಡಲತೀರಗಳಿಗೆ ಸಿಕ್ಕ ‘ಬ್ಲೂ ಫ್ಲ್ಯಾಗ್’ ಎಂಬ ಸ್ವಚ್ಛ ತೀರದ ಅಂತರರಾಷ್ಟ್ರೀಯ ಮಾನ್ಯತೆಗೂ ಅದನ್ನು ನೋಡುತ್ತಾರೆ.

ಆದರೆ ನಿಮ್ಮ ಅನುಮಾನಕ್ಕೆ ನಾವೇ ಎಡೆ ಮಾಡಿಕೊಟ್ಟೆವು. ಲೇಖನದಲ್ಲಿ ಅಂಕಿ ಅಚ್ಚಾಯಿತು, ಬಾಟಲಿ ತುಂಬಿದ ಹೊತ್ತು ಅಚ್ಚಾಗಲಿಲ್ಲ. ಅದು ನಮ್ಮ ತಪ್ಪು. ಇ. ಕೋಲಿಯಂಥ ಫೀಕಲ್ ಕೋಲಿಫಾರ್ಮ್‌ಗಳನ್ನು ಸುಡುಬಿಸಿಲು ಕೆಲವೇ ಗಂಟೆಗಳಲ್ಲಿ ಕೊಲ್ಲುತ್ತದೆ. ಬೆಳಗಿನ ಜಾವ ಮಿತಿ ಮೀರಿದ ನೀರು ಮಧ್ಯಾಹ್ನ ಪಾಸಾಗಬಹುದು. ಇಳಿತದಲ್ಲಿ ಅಳಿವೆಯ ನೀರು ಕೊಲ್ಲಿಗೆ ಬರುತ್ತದೆ, ಭರತದಲ್ಲಿ ಹೊರಗಡಲಿನದು. ಮೊದಲ ಮಳೆಗೆ ಊರ ಚರಂಡಿಯೆಲ್ಲ ತೊಳೆದು ಬಂದು ಸೇರುತ್ತದೆ. ಬಿಸಿಲು ತಾಗದ ಕೆಸರಲ್ಲಿ ಅವಿತದ್ದು ಅಲೆ ಕಲಕಿದಾಗ ಮೇಲೇಳುತ್ತದೆ. ಎರಡು ಗುಡ್ಡಗಳ ನಡುವಿನ ಕೊಲ್ಲಿಯಲ್ಲಂತೂ ನೀರು ಬೇಗ ಬದಲಾಗುವುದಿಲ್ಲ. ಒಂದು ಬಾಟಲಿಯಿಂದ ಕೊಲ್ಲಿ ಕೆಟ್ಟಿದೆ ಎನ್ನಲಾಗದು, ಚೆನ್ನಾಗಿದೆ ಎನ್ನಲೂ ಆಗದು. ಇನ್ನು ಮುಂದೆ ಹೊತ್ತು, ಭರತ-ಇಳಿತ, ಹಿಂದಿನ ದಿನದ ಮಳೆ ಇವಿಲ್ಲದೆ ಯಾವ ಅಂಕಿಯನ್ನೂ ನಾವು ಅಚ್ಚು ಹಾಕುವುದಿಲ್ಲ.

ಬಳಚು ಬಿಡಬೇಕಿಲ್ಲ. ಅದು ನೀರನ್ನು ಸೋಸಿ ತಿನ್ನುವ ಜೀವಿ, ನೀರಲ್ಲಿದ್ದದ್ದು ಅದರೊಳಗೆ ಹಲವು ಪಟ್ಟು ಕೂಡಿಕೊಳ್ಳುತ್ತದೆ. ಚರಂಡಿ ಸೇರುವ ಕಡೆ, ಜೋರು ಮಳೆಯ ಮರುದಿನ ಆರಿಸಿದ್ದು ಬೇಡ. ಚಿಪ್ಪು ಬಾಯಿ ಬಿಟ್ಟ ತಕ್ಷಣ ಒಲೆಯಿಂದ ಇಳಿಸದೆ ಇನ್ನೂ ಕೆಲವು ನಿಮಿಷ ಚೆನ್ನಾಗಿ ಕುದಿಸಲು ಮನೆಯಲ್ಲಿ ಹೇಳಿ.

– ಸಂಪಾದಕ